ಹಿಂದಿನ ಕಾಯಿಲೆ: ಇಲ್ಲ

ನೋಂದಣಿ ಕಚೇರಿಯ ಎದುರು, ಕಬ್ಬಿಣದ ಬೇಲಿಗೆ ಒರಗಿಸಿದ ಮಡಿಸುವ ಮೇಜಿನ ಹಿಂದೆ ಕೂತು ಬೇರೆಯವರ ಅರ್ಜಿ ತುಂಬಿಕೊಡುವುದು ಸೊಸೆಯ ಕೆಲಸ. ಮದುವೆಗೆ ಮುಂಚಿನಿಂದಲೂ ಅದನ್ನೇ ಮಾಡುತ್ತಿದ್ದಳು. ಆ ಕಸುಬಿನಲ್ಲಿ ಅವಳು ಕಲಿತ ಮೊದಲ ಪಾಠ, ಯಾವ ಕಾಲಮನ್ನೂ ಖಾಲಿ ಬಿಡಬಾರದು ಎನ್ನುವುದು. ಖಾಲಿ ಬಿಟ್ಟರೆ ಒಳಗಿನ ಗುಮಾಸ್ತ ಮುಖ ಕೂಡ ನೋಡದೆ ಕಾಗದವನ್ನು ಕಿಟಕಿಯಿಂದ ವಾಪಸ್ಸು ತಳ್ಳುತ್ತಾನೆ. ಇದ್ದರೆ ಇದ್ದದ್ದನ್ನು ಬರೆಯಬೇಕು, ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಬೇಕು. ಎದುರು ಕೂತವರು ಉತ್ತರ ಕೊಡದೆ ಸುಮ್ಮನಿದ್ದರೆ ಇನ್ನೊಂದು ಸಲ ಕೇಳಬೇಕು. ಆಗಲೂ ಸುಮ್ಮನಿದ್ದರೆ ‘ಇಲ್ಲ’ ಎಂದು ಬರೆದು ಮುಂದಿನ ಕಾಲಮಿಗೆ ಹೋಗಬೇಕು, ಯಾಕೆಂದರೆ ಹಿಂದೆ ಹತ್ತು ಜನ ನಿಂತಿರುತ್ತಾರೆ.

ಅತ್ತೆಯ ಬೆನ್ನುನೋವಿಗೆಂದು ಮೂಳೆ ಡಾಕ್ಟರ ಹತ್ತಿರ ಹೋದ ದಿನವೂ ಅವಳು ಹಾಗೆಯೇ ಮಾಡಿದಳು.

ಬಾಗಿಲ ಬಳಿ ಕೂತಿದ್ದ ಹುಡುಗಿ ಒಂದು ಹಾಳೆ ಕೊಟ್ಟಿದ್ದಳು. ಸೊಸೆ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಅದರ ಮೇಲೆ ಹಾಳೆ ಇಟ್ಟು, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಾ ತುಂಬತೊಡಗಿದಳು. ವಯಸ್ಸು ಐವತ್ತೆಂಟು. ಕೆಲಸ, ಹೋಟೆಲಿನ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವುದು. ನೋವು ಶುರುವಾಗಿ ಎರಡು ತಿಂಗಳು.

“ಹಿಂದೆ ಯಾವ್ದಾದ್ರೂ ದೊಡ್ಡ ಕಾಯಿಲೆ, ಆಪರೇಷನ್ನು ಆಗಿದ್ಯಾ ಅಂತ ಕೇಳಿದಾರೆ, ಅತ್ತೆ.”

ಅತ್ತೆ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದಳು.

“ಅತ್ತೆ, ನಿಮ್ಮನ್ನೇ ಕೇಳ್ತಿರೋದು.”

ಅತ್ತೆ ಮಾವನ ಕಡೆ ನೋಡಿದಳು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮಾವ ತನ್ನ ಷೂಗಳನ್ನು ನೋಡುತ್ತಿದ್ದ. ಅವುಗಳಿಗೆ ಬೆಳಿಗ್ಗೆ ತಾನೇ ಪಾಲಿಷ್ ಹಾಕಿದ್ದ.

“ಬೇಗ ಬರಿಯಮ್ಮ,” ಎಂದ ತಲೆ ಎತ್ತದೆ. “ನಂಬರ್ ಕೂಗಿಬಿಡ್ತಾರೆ.”

ಹಿಂದಿನ ಕಾಯಿಲೆ: ಇಲ್ಲ, ಎಂದು ಸೊಸೆ ಬರೆದಳು. ದುಂಡಾದ, ತಪ್ಪಿಲ್ಲದ ಅಕ್ಷರ.

ಡಾಕ್ಟರು ಹಾಳೆಯ ಮೇಲೆ ಒಂದು ಸಲ ಕಣ್ಣಾಡಿಸಿ, ಬೆನ್ನನ್ನು ಎರಡು ಕಡೆ ಒತ್ತಿ ನೋಡಿ, ಎಷ್ಟು ವರ್ಷದಿಂದ ಲಾಂಡ್ರಿ ಕೆಲಸ ಎಂದು ಕೇಳಿದರು. ಇಪ್ಪತ್ತೆರಡು ವರ್ಷ ಎಂದಳು ಅತ್ತೆ. “ಇಪ್ಪತ್ತೆರಡು ವರ್ಷ ಬಗ್ಗಿ ಎದ್ರೆ ಬೆನ್ನು ಇನ್ನೇನಾಗತ್ತೆ ಹೇಳಿ,” ಎಂದು ನಕ್ಕು, ಸೊಂಟಕ್ಕೆ ಕಟ್ಟುವ ಬೆಲ್ಟು, ನೋವಿನ ಮಾತ್ರೆ, ಬಿಸಿನೀರಿನ ಚೀಲ ಬರೆದುಕೊಟ್ಟರು. ಹೊರಗೆ ಬಂದ ಮಾವನ ಹೆಜ್ಜೆ ಹಗುರವಾಗಿತ್ತು. ದಾರಿಯಲ್ಲಿ ಬಿಸ್ಕತ್ತು ಕೊಂಡ.

ಆ ಸಂಜೆ ಚಹಾಕ್ಕೆ ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ಕೂತಾಗ ಸೊಸೆ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ನೋಡು, ಶುರುವಾಯ್ತು,” ಎಂದ ಮಾವ. “ಇವಳ ಮುಂದೆ ಏನೂ ಇಡೋ ಹಾಗಿಲ್ಲಪ್ಪ. ನಾವು ತಿನ್ನೋದ್ರೊಳಗೆ ತೂಕ, ತಾರೀಕು, ತಯಾರು ಮಾಡಿದವನ ವಿಳಾಸ ಎಲ್ಲಾ ಓದಿ ಮುಗಿಸಿರ್ತಾಳೆ.”

“ನಮ್ಮ ಮದುವೆ ದಿನ ನನ್ನ ಕೋಟಿನ ಒಳಗಿನ ಚೀಟೀನೂ ಓದಿದ್ಳು,” ಎಂದ ಗಂಡ. ಅವನು ಲಿಫ್ಟ್ ರಿಪೇರಿ ಮಾಡುವವನು. ಕೈಯ ಗ್ರೀಸು ಎಷ್ಟು ತಿಕ್ಕಿದರೂ ಉಗುರಿನ ಬುಡದಲ್ಲಿ ಉಳಿಯುತ್ತಿತ್ತು. “ಎಲ್ಲರೂ ಫೋಟೋಗೆ ನಿಂತಿದಾರೆ, ಇವಳು ನನ್ನ ಕಿವೀಲಿ ‘ನೀರಿಗೆ ಹಾಕಬಾರದಂತೆ’ ಅಂತಾಳೆ.”

“ಹಾಕಿದ್ಯಲ್ಲ. ಈಗ ಆ ಕೋಟು ಯಾರಿಗಾಗತ್ತೆ?” ಎಂದಳು ಸೊಸೆ.

ಮೂವರೂ ನಕ್ಕರು. ಅತ್ತೆ ತನ್ನ ಲೋಟ ಎತ್ತಿಕೊಂಡು ಎದ್ದು ಹೋಗಿ ನಲ್ಲಿಯ ಕೆಳಗೆ ಹಿಡಿದಳು. ಲೋಟದಲ್ಲಿ ಅರ್ಧ ಚಹಾ ಇನ್ನೂ ಇತ್ತು.

ಬೆಲ್ಟು ಕಟ್ಟಿಕೊಂಡೇ ಅತ್ತೆ ಕೆಲಸಕ್ಕೆ ಹೋದಳು. ಒಂದು ತಿಂಗಳಾಯಿತು, ಎರಡಾಯಿತು. ನೋವು ಬೆನ್ನು ಬಿಡಲಿಲ್ಲ. ಮಲಗಿದರೆ ಹೆಚ್ಚಾಗುತ್ತದೆ ಎಂದು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುವುದನ್ನು ರೂಢಿಸಿಕೊಂಡಳು. ಊಟದಲ್ಲಿ ಒಂದು ತುತ್ತು ಬಾಯಿಗಿಟ್ಟು ಇನ್ನೊಂದನ್ನು ತಟ್ಟೆಯಲ್ಲೇ ಕಲಸುತ್ತಾ ಕೂರುತ್ತಿದ್ದಳು. ಅನ್ನ ಗಟ್ಟಿಯಾಯಿತು ಎನ್ನುವಳು; ಮಾರನೆಯ ದಿನ ಮೆತ್ತಗೆ ಮಾಡಿದರೆ ಗಂಜಿಯಾಯಿತು ಎನ್ನುವಳು.

“ನನ್ನ ಅಡುಗೆ ಸೇರ್ತಿಲ್ಲ ಅಂದ್ರೆ ನೇರ ಹೇಳಿ, ಅತ್ತೆ.”

“ನಿನ್ನ ಅಡುಗೆ ಯಾವತ್ತು ಸೇರಿತ್ತು?” ಎಂದು ಅತ್ತೆ ತಟ್ಟೆ ಸರಿಸಿದಳು.

ಸೊಸೆಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅವಳು ಅತ್ತೆಯ ತಟ್ಟೆಯನ್ನು ನೋಡಿದಳೇ ಹೊರತು ಅತ್ತೆಯನ್ನು ನೋಡಲಿಲ್ಲ.

ನೋಡಿದ್ದು ಒಂದು ಶನಿವಾರ, ಮಹಡಿಯ ಮೇಲೆ ಒಣಗಿದ ಹಾಸಿಗೆ ಹೊದಿಕೆಗಳನ್ನು ತೆಗೆಯುವಾಗ. ದೊಡ್ಡ ಹೊದಿಕೆ ಮಡಿಸಲು ಇಬ್ಬರು ಬೇಕು. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಅದನ್ನು ಕಲಿಸಿದ್ದಳು: ಎರಡು ಮೂಲೆ ಹಿಡಿ, ಕೈ ಮೇಲೆತ್ತು, ಒಂದೇ ಸಲ ಜಾಡಿಸು, ಮೂಲೆಗೆ ಮೂಲೆ ಸೇರಿಸು, ಆಮೇಲೆ ಎದುರಿನವರ ಕಡೆ ನಡೆದು ಬಾ. ಹೋಟೆಲಿನಲ್ಲಿ ದಿನಕ್ಕೆ ನಾನೂರು ಹೊದಿಕೆ ಮಡಿಸುವವಳ ಕೈಯಲ್ಲಿ ಬಟ್ಟೆ ಪಟ್ ಎಂದು ಸದ್ದು ಮಾಡುತ್ತಿತ್ತು.

ಆ ದಿನ ಸದ್ದಾಗಲಿಲ್ಲ. ಸೊಸೆ ತನ್ನ ತುದಿಯನ್ನು ಮೇಲೆತ್ತಿದಳು. ಅತ್ತೆಯ ತುದಿ ಹೊಟ್ಟೆಯ ಮಟ್ಟದಲ್ಲೇ ಉಳಿಯಿತು. ಹೊದಿಕೆ ನೆಲಕ್ಕೆ ತಾಗಿ ಧೂಳು ಹತ್ತಿಸಿಕೊಂಡಿತು. ಹೀಗೆ ಹೊದಿಕೆಯನ್ನು ನೆಲಕ್ಕೆ ತಾಗಿಸಿದ ಹೋಟೆಲಿನ ಹುಡುಗಿಯರನ್ನು ಅತ್ತೆ ಅಳಿಸಿ ಮನೆಗೆ ಕಳಿಸಿದ್ದುಂಟು.

“ಕೈ ಎತ್ತೋಕಾಗ್ತಿಲ್ವಾ?”

“ಆಗತ್ತೆ. ಗಾಳಿ ಜಾಸ್ತಿ.”

ಗಾಳಿ ಇರಲಿಲ್ಲ. ಬಿಸಿಲಿನಲ್ಲಿ ಅತ್ತೆಯ ಅಂಗಿ ಭುಜದಿಂದ ಜೋತು ಬಿದ್ದಿತ್ತು. ಕುತ್ತಿಗೆಯ ಕೆಳಗಿನ ಮೂಳೆ ಎದ್ದು ಕಾಣುತ್ತಿತ್ತು.

“ಎಷ್ಟು ಸೊರಗಿದೀರಿ ಅತ್ತೆ! ಎಲ್ಲೆಲ್ಲಿ ನೋವು? ಸರಿಯಾಗಿ ಹೇಳಿ.”

“ಪಕ್ಕೆಲುಬಲ್ಲೂ ಇದೆ,” ಎಂದಳು ಅತ್ತೆ. ಹೊದಿಕೆಯ ಧೂಳು ಕೊಡವುತ್ತಾ, “ನಿನ್ನ ಮಾವನಿಗೆ ಹೇಳ್ಬೇಡ,” ಎಂದಳು.

ಮಾವನಿಗೆ ಹೇಳಲಿಲ್ಲ, ಗಂಡನಿಗೆ ಹೇಳಿದಳು. ಅವನು ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟುತ್ತಿದ್ದ.

“ದೊಡ್ಡ ಆಸ್ಪತ್ರೆಗೆ ತೋರಿಸೋಣ. ಇದು ಬರೀ ಬೆನ್ನುನೋವಲ್ಲ.”

“ನೀನು ಯಾವಾಗ ಡಾಕ್ಟರಾದೆ?”

“ಆಗಿಲ್ಲ. ಕಣ್ಣಿದೆ. ನಿಮ್ಮಮ್ಮ ತಾನೆ?”

ದಾರ ಒಂದು ಕಡೆ ಕಟ್ಟಿದವನು ಇನ್ನೊಂದು ಕಡೆ ಕಟ್ಟದೆ ಕೈಯಲ್ಲೇ ಹಿಡಿದುಕೊಂಡು ಕೂತ. “ಅಪ್ಪನ್ನ ಕೇಳ್ತೀನಿ,” ಎಂದ ಕೊನೆಗೆ.

ಅಪ್ಪ ಮಗ ಮಾತಾಡಿಕೊಂಡು ಅತ್ತೆಯನ್ನು ವ್ಯಾಯಾಮ ಮಾಡಿಸುವ ಕೇಂದ್ರಕ್ಕೆ ಕಳಿಸುವುದೆಂದು ತೀರ್ಮಾನಿಸಿದರು. ಕರೆದುಕೊಂಡು ಹೋದವಳು ಸೊಸೆಯೇ. ಅಲ್ಲೂ ಒಂದು ಹಾಳೆ, ಅದೇ ಪ್ರಶ್ನೆ. ಈ ಸಲ ಅವಳು ಕೇಳುವ ಗೋಜಿಗೇ ಹೋಗಲಿಲ್ಲ. ಗೊತ್ತಿರುವ ಉತ್ತರವನ್ನು ಗೊತ್ತಿರುವ ಜಾಗದಲ್ಲಿ ಬರೆದಳು. ರಕ್ತದೊತ್ತಡ ನೋಡಲು ಬಂದವಳು ಎಡಗೈ ಹಿಡಿದಾಗ ಅತ್ತೆ ಕೈ ಕಿತ್ತುಕೊಂಡು ಬಲಗೈ ಚಾಚಿದಳು. “ಎಡಗೈ ಬೇಡ,” ಎಂದಳು. ಅತ್ತೆಯ ಹಟಗಳು ಒಂದೆರಡಲ್ಲ. ಸೊಸೆ ಅದನ್ನೂ ಅವುಗಳ ಜೊತೆ ಸೇರಿಸಿದಳು.

ಬೆಲ್ಟು ಕಟ್ಟಿದ ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅತ್ತೆ ಒಲೆಯ ಮುಂದೆ ನಿಂತು ಸೀನಿದಳು. ಒಂದೇ ಸೀನು. ಮೊಟ್ಟೆ ಒಡೆಯುತ್ತಿದ್ದ ಸೊಸೆ ತಿರುಗಿ ನೋಡುವಷ್ಟರಲ್ಲಿ ಅತ್ತೆ ನೆಲದ ಮೇಲಿದ್ದಳು. ಕೂಗಲಿಲ್ಲ. “ಏನೋ ಕಳಚ್ಕೊಂತು,” ಎಂದಳು, ಪಾತ್ರೆ ಬಿದ್ದದ್ದನ್ನು ಹೇಳುವ ಹಾಗೆ.

ದೊಡ್ಡ ಆಸ್ಪತ್ರೆಯಲ್ಲಿ ಮೂರನೆಯ ಹಾಳೆ. ಮೂರನೆಯ ‘ಇಲ್ಲ’. ಅತ್ತೆಯನ್ನು ಯಂತ್ರದೊಳಗೆ ತಳ್ಳಿ ಹೊರಗೆ ತಂದರು. ಮಧ್ಯಾಹ್ನ ಕನ್ನಡಕದ ಒಬ್ಬ ಡಾಕ್ಟರಮ್ಮ ಚಿತ್ರಗಳನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಹಾಳೆಯನ್ನು ನೋಡಿದರು.

“ಇದನ್ನ ತುಂಬಿದ್ದು ಯಾರು?”

“ನಾನೇ,” ಎಂದಳು ಸೊಸೆ.

“ಹಿಂದೆ ಏನೂ ಕಾಯಿಲೆ ಇರ್ಲಿಲ್ಲ ಅಂತ ಬರೆದಿದೀರಿ.”

“ಹೌದು ಡಾಕ್ಟ್ರೇ. ಇಲ್ಲ.”

ಡಾಕ್ಟರಮ್ಮ ಪರದೆ ಎಳೆದುಕೊಂಡು ಅತ್ತೆಯ ಹತ್ತಿರ ಹೋದರು. ಹೊರಬಂದಾಗ ಅವರ ದನಿ ತಗ್ಗಿತ್ತು.

“ಎಡ ಎದೆ ಮೇಲೆ ಹಳೇ ಹೊಲಿಗೆ ಗುರುತಿದೆ. ಕಂಕುಳಲ್ಲೂ ಇದೆ, ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು. ಗಡ್ಡೆ ತೆಗೆದಿದಾರೆ. ಯಾವ ವರ್ಷ?”

ಸೊಸೆ ಮಾವನ ಕಡೆ ತಿರುಗಿದಳು. ಅವನು ತನ್ನ ಷೂ ನೋಡುತ್ತಿದ್ದ. ಗಂಡನ ಕಡೆ ತಿರುಗಿದಳು. ಅವನು ಉಗುರಿನ ಗ್ರೀಸು ಕೀಳುತ್ತಿದ್ದ. ಆ ಕಾರಿಡಾರಿನಲ್ಲಿ ನಿಂತ ಮನೆಯವರಲ್ಲಿ ಗೊತ್ತಿಲ್ಲದವಳು ತಾನೊಬ್ಬಳೇ ಎಂದು ಅವಳಿಗೆ ತಿಳಿಯಲು ಡಾಕ್ಟರಮ್ಮ ಎರಡನೆಯ ಸಲ ಕೇಳಬೇಕಾಗಲಿಲ್ಲ.

“ಆರು ವರ್ಷ ಆಯ್ತು,” ಎಂದ ಮಾವ ಷೂಗಳಿಗೆ.

“ಹಳೇ ಫೈಲು ಬೇಕು. ಎಂಥ ಗಡ್ಡೆ, ಯಾವ ಔಷಧಿ ಕೊಟ್ಟಿದ್ರು, ಎಲ್ಲ ಅದರಲ್ಲಿರತ್ತೆ.”

“ಫೈಲು ಇಲ್ಲ.”

“ಇಲ್ಲ ಅಂದ್ರೆ?”

“ಹಳೇ ಪೇಪರಿನವನಿಗೆ ಹಾಕ್ಬಿಟ್ಟೆ.”

ಸೊಂಟದ ಮೂಳೆಗೆ ಸೂಜಿ ಹಾಕಿ ಚೂರು ತೆಗೆದರು. ಫಲಿತಾಂಶಕ್ಕೆ ಹತ್ತು ದಿನ ಎಂದರು. ಆ ಹತ್ತು ದಿನ ಅತ್ತೆ ಆಸ್ಪತ್ರೆಯಲ್ಲಿ, ಉಳಿದವರು ಮನೆಯಲ್ಲಿ. ಬೇರೆ ಊರಲ್ಲಿ ಮಕ್ಕಳ ಬಟ್ಟೆ ಹೊಲಿಯುವ ನಾದಿನಿ ಬಂದಳು. ಬಂದವಳೇ ಚೀಲ ಕೂಡ ಇಳಿಸದೆ ಅಪ್ಪನನ್ನು ಕೇಳಿದಳು: “ಈಗಲಾದ್ರೂ ಹೇಳಿದ್ರಾ ಇವಳಿಗೆ?”

“ಡಾಕ್ಟ್ರು ಹೇಳಿದ್ರು,” ಎಂದಳು ಸೊಸೆ. ಅವಳು ಆಸ್ಪತ್ರೆಗೆ ಒಯ್ಯಲು ತರಕಾರಿ ಬೇಯಿಸುತ್ತಿದ್ದಳು. “ಮನೇಲಿ ನಾಲ್ಕು ಜನಕ್ಕೆ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರ್ಲಿಲ್ಲ. ನಾಲ್ಕು ವರ್ಷ! ಒಂದೇ ಒಲೆ ಮುಂದೆ ನಿಂತಿದೀವಿ.”

“ಹೇಳಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ನಾ?” ಎಂದ ಮಾವ. “ಕಾಯಿಲೆಯವಳಿರೋ ಮನೆಗೆ, ಮಗಳು ಸೇವೆ ಮಾಡ್ಕೊಂಡಿರ್ಲಿ ಅಂತ ಯಾರು ಕೊಡ್ತಾರೆ? ನಿನಗಿಂತ ಮುಂಚೆ ಇಬ್ರು ವಾಪಸ್ಸು ಹೋಗಿದ್ರು, ಗೊತ್ತಾ?”

“ಈಗೇನು ಮಾಡ್ತಿದೀನಿ ನಾನು? ಸೇವೆ ಅಲ್ದೆ?”

“ಯಾರೂ ಬೇಡ ಅಂದಿಲ್ವಲ್ಲ—”

“ಆ ಬೆಂಚಿನ ಮೇಲೆ ಕೇಳ್ದೆ. ಎರಡು ಸಲ ಕೇಳ್ದೆ. ಆಗ ಒಂದು ಮಾತು ಹೇಳಿದ್ರೆ ನಾನೇನು ಎದ್ದು ತವರಿಗೆ ಓಡಿಹೋಗ್ತಿದ್ನಾ?”

ಮಾವನ ಮುಖ ಕೆಂಪಾಯಿತು. ಮೂವತ್ತು ವರ್ಷ ಪ್ರಯಾಣಿಕರನ್ನು ಗದರಿಸಿದ ದನಿ ಹೊರಬಂತು. “ಅರ್ಜಿ ತುಂಬಿದ್ದು ನೀನು! ‘ಇಲ್ಲ’ ಅಂತ ಮೂರು ಸಲ ಬರೆದಿದ್ದು ನಿನ್ನ ಕೈ! ನಾನು ಇಲ್ಲ ಅಂದ್ನಾ? ಅವಳು ಇಲ್ಲ ಅಂದ್ಳಾ? ಯಾರಾದ್ರೂ ಬಾಯಿ ಬಿಟ್ಟು ಇಲ್ಲ ಅಂದ್ರಾ?”

ಸೊಸೆ ಸೌಟು ಹಿಡಿದು ನಿಂತಳು. ನಿಜ. ಯಾರೂ ಅಂದಿರಲಿಲ್ಲ. ಗಂಡನ ಕಡೆ ನೋಡಿದಳು, ಈಗಲಾದರೂ ಏನಾದರೂ ಹೇಳುತ್ತಾನೇನೋ ಎಂದು. ಅವನು ಎದ್ದು ಹೋಗಿ ಉಕ್ಕುತ್ತಿದ್ದ ಪಾತ್ರೆಯ ಕೆಳಗಿನ ಉರಿ ಸಣ್ಣ ಮಾಡಿದ. ಅಷ್ಟೇ.

ಗಂಡಸರು ಆಸ್ಪತ್ರೆಗೆ ಹೋದ ಮೇಲೆ ಇಬ್ಬರು ಹೆಂಗಸರು ಪಾತ್ರೆ ತೊಳೆದರು. ನಾದಿನಿ ತಿಕ್ಕಿದಳು, ಸೊಸೆ ಒರೆಸಿದಳು.

“ಆಪರೇಷನ್ ಆದ್ಮೇಲೆ ಐದು ವರ್ಷ ಒಂದು ಮಾತ್ರೆ ತಗೋಬೇಕಿತ್ತು. ದಿನಕ್ಕೊಂದು,” ಎಂದಳು ನಾದಿನಿ. “ಎರಡು ವರ್ಷ ತಗೊಂಡ್ಳು. ಆಮೇಲೆ ಬಿಟ್ಳು. ತಪಾಸಣೆಗೆ ಹೋಗೋದನ್ನೂ ಬಿಟ್ಳು.”

“ಯಾವಾಗ ಬಿಟ್ರು?”

ನಾದಿನಿ ಒಂದೇ ತಟ್ಟೆಯನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದಳು.

“ನೀನು ಬರೋ ಹಿಂದಿನ ವಾರ.”

“ಯಾಕೆ?”

“ನೀನು ಓದ್ತೀಯಲ್ಲ,” ಎಂದಳು ನಾದಿನಿ. “ಹೆಣ್ಣು ನೋಡೋಕೆ ಬಂದಿದ್ವಲ್ಲ, ಆವತ್ತು ನೀನು ಚಹಾ ತಂದಿಟ್ಟು, ನಮ್ಮಪ್ಪನ ಜೇಬಲ್ಲಿದ್ದ ತಲೆನೋವಿನ ಮಾತ್ರೆ ಹಾಳೆ ನೋಡಿ, ‘ಇದರ ತಾರೀಕು ಮುಗಿದಿದೆ’ ಅಂದೆ. ದಾರಿ ಉದ್ದಕ್ಕೂ ಅಪ್ಪ ನಕ್ಕಿದ್ದೇ ನಕ್ಕಿದ್ದು. ಮದುವೆಗೆ ವಾರ ಇದೆ ಅನ್ನೋವಾಗ ಅಮ್ಮ ಮಾತ್ರೆ ಎಲ್ಲಾ ಎತ್ತಿ ಕಸಕ್ಕೆ ಹಾಕಿದ್ಳು. ಅದೇ ವಾರ ಫೈಲೂ ಹೋಯ್ತು.”

ಸೊಸೆ ಒರೆಸಿದ ಲೋಟಗಳನ್ನು ಕಪಾಟಿನಲ್ಲಿ ಸಾಲಾಗಿ ಇಟ್ಟಳು. ಆಮೇಲೆ ಎಲ್ಲವನ್ನೂ ತೆಗೆದು ಮತ್ತೆ ಒರೆಸಿದಳು.

ಮರುದಿನ ಆಸ್ಪತ್ರೆಯಲ್ಲಿ ಅತ್ತೆಗೆ ಚಮಚದಲ್ಲಿ ಅನ್ನ ತಿನ್ನಿಸುತ್ತಾ ಕೇಳಿದಳು: “ಬೇರೆ ಡಬ್ಬಿಗೆ ಹಾಕಿಡಬಹುದಿತ್ತಲ್ಲ, ಅತ್ತೆ.”

“ಏನನ್ನ?”

“ಮಾತ್ರೇನ. ಹೆಸರಿಲ್ಲದ ಒಂದು ಸಣ್ಣ ಡಬ್ಬಿ. ವಿಟಮಿನ್ನು ಅಂದಿದ್ರೆ ಮುಗೀತಿತ್ತು.”

ಅತ್ತೆ ಅನ್ನವನ್ನು ನಿಧಾನವಾಗಿ ಅಗಿದಳು. ಅವಳ ಮುಖದ ಮೇಲೆ ಮೊದಲು ಏನೂ ಕಾಣಲಿಲ್ಲ. ಆಮೇಲೆ, ಕಳೆದುಹೋಗಿದ್ದ ಬೀಗದ ಕೈ ಸೆರಗಿನಲ್ಲೇ ಸಿಕ್ಕವಳ ಹಾಗೆ, ಹುಬ್ಬು ಮೇಲೇರಿತು.

“ಹೊಳೀಲೇ ಇಲ್ಲ ನೋಡು,” ಎಂದಳು. “ಮೂರು ಜನ ಕೂತು ಯೋಚನೆ ಮಾಡಿದ್ವಿ. ಯಾರಿಗೂ ಹೊಳೀಲಿಲ್ಲ.” ನಗಲು ಹೋದಳು, ಪಕ್ಕೆಲುಬು ಬಿಡಲಿಲ್ಲ. ನೋವು ಇಳಿದ ಮೇಲೆ, “ನಿಂದೇನೂ ತಪ್ಪಿಲ್ಲ ಬಿಡು,” ಎಂದಳು. ಇನ್ನೊಂದು ಚಮಚ ತಿಂದಳು. “ಆದ್ರೂ, ಓದದೇ ಇರೋ ಹುಡುಗಿ ಸಿಕ್ಕಿದ್ದಿದ್ರೆ…”

ಸೊಸೆ ಅವಳ ಬಾಯಿ ಒರೆಸಿದಳು, ಸ್ವಲ್ಪ ಗಟ್ಟಿಯಾಗಿಯೇ.

ಹನ್ನೊಂದನೆಯ ದಿನ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಅತ್ತೆಯನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು.

“ಇದು ಮೂಳೇದಲ್ಲ. ಆರು ವರ್ಷದ ಹಿಂದೆ ಎದೆಯಲ್ಲಿ ಇದ್ದದ್ದೇ, ಮೂಳೆಗೆ ಬಂದು ಕೂತಿದೆ. ಬೆನ್ನಲ್ಲಿ ನಾಲ್ಕು ಕಡೆ, ಪಕ್ಕೆಲುಬಲ್ಲಿ, ಸೊಂಟದಲ್ಲಿ. ಯಕೃತ್ತಿನಲ್ಲೂ ಎರಡು ಕಡೆ ಇದೆ. ಒಳಗೆ ತಿಂದಿದ್ದ ಮೂಳೆ, ಸೀನಿದ್ದಕ್ಕೆ ಕುಸಿದಿದೆ.”

“ಗುಣ ಆಗತ್ತಲ್ಲ?” ಎಂದ ಮಾವ.

“ಗುಣ ಅನ್ನೋ ಮಾತು ನಾನು ಆಡಲ್ಲ. ಹಿಡಿದಿಡೋಕೆ ನೋಡ್ತೀವಿ. ನೋವು ಕಮ್ಮಿ ಮಾಡ್ಬಹುದು. ಕೆಲವರು ವರ್ಷಗಟ್ಟಲೆ ಇರ್ತಾರೆ.” ಎಲ್ಲರೂ ಇರುತ್ತಾರೆ ಎಂದು ಅವರು ಹೇಳಲಿಲ್ಲ.

“ಆ ಮಾತ್ರೆ ಬಿಡದೇ ಇದ್ದಿದ್ರೆ?” ಎಂದು ಕೇಳಿದವಳು ಸೊಸೆ.

“ಬಿಡದೇ ಇದ್ದವರಿಗೂ ಕೆಲವು ಸಲ ವಾಪಸ್ಸು ಬರತ್ತೆ. ಅದನ್ನ ಹೀಗೇ ಅಂತ ಹೇಳೋಕಾಗಲ್ಲ.” ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. “ಆದ್ರೆ ಎಂಟು ತಿಂಗಳ ಹಿಂದೆ, ಎದೆ ಗಡ್ಡೆ ಆಗಿತ್ತು ಅಂತ ಒಂದು ಮಾತು ಗೊತ್ತಿದ್ದಿದ್ರೆ, ಈ ಬೆನ್ನುನೋವಿಗೆ ಯಾರೂ ಬೆಲ್ಟು ಕೊಟ್ಟು ಕಳಿಸ್ತಿರ್ಲಿಲ್ಲ. ಅದನ್ನ ಹೇಳ್ಬಹುದು.”

ಗಾಲಿಕುರ್ಚಿಯಲ್ಲಿದ್ದ ಅತ್ತೆ ಫ್ಯಾನು ನೋಡುತ್ತಿದ್ದಳು.

ಹೊರಗೆ ಕಿಟಕಿಯ ಬಳಿ ನರ್ಸು ಹೊಸ ಹಾಳೆಗಳನ್ನು ಕೊಟ್ಟಳು. ಚಿಕಿತ್ಸೆ ಶುರು ಮಾಡಲು ಅವು ಬೇಕು. ಎಲ್ಲರ ಕೈಗಳೂ ತಾವಾಗಿಯೇ ಹಿಂದೆ ಸರಿದು ಹಾಳೆಗಳು ಸೊಸೆಯ ಕೈಗೆ ಬಂದವು. ಅವಳು ಗೋಡೆಗೆ ಒತ್ತಿಹಿಡಿದು ತುಂಬಿದಳು. ವಯಸ್ಸು. ಕೆಲಸ. ಹಿಂದಿನ ಕಾಯಿಲೆ ಎಂಬಲ್ಲಿ, ಆರು ವರ್ಷದ ಹಿಂದೆ ಎಡ ಎದೆಯಲ್ಲಿ ಗಡ್ಡೆ, ಶಸ್ತ್ರಚಿಕಿತ್ಸೆ, ಎಂದು ಬರೆದಳು. ಅಕ್ಷರ ಯಾವತ್ತಿನ ಹಾಗೆ ದುಂಡಾಗಿಯೇ ಬಂತು. ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ಹಿಂದಿನ ಔಷಧಿಯನ್ನು ನಡುವೆ ನಿಲ್ಲಿಸಿದ್ದರೆ ಕಾರಣ.

ಅಲ್ಲಿ ಪೆನ್ನು ನಿಂತಿತು. ಸಾಲಿನಲ್ಲಿ ಹಿಂದೆ ನಿಂತ ಯಾರೋ ಗಂಟಲು ಸರಿಮಾಡಿಕೊಂಡರು.

ಅವಳು ತಿರುಗಿ ಹಾಳೆಯನ್ನೂ ಪೆನ್ನನ್ನೂ ಗಂಡನ ಮುಂದೆ ಹಿಡಿದಳು.

“ಇದೊಂದು ನೀನು ಬರಿ.”

“ನೀನೇ ಬರಿ. ನಿನ್ನ ಅಕ್ಷರ ಚೆನ್ನಾಗಿದೆ.”

“ನನ್ನ ಅಕ್ಷರದಲ್ಲಿ ನಾನು ಬರೆದಿದ್ದು ಸಾಕು. ನಿನಗೆ ಗೊತ್ತಲ್ಲ ಕಾರಣ. ಬರಿ.”

ಗಂಡ ಪೆನ್ನು ತೆಗೆದುಕೊಂಡ. ಅಪ್ಪನ ಕಡೆ ನೋಡಿದ. ಅಪ್ಪ ಷೂ ನೋಡುತ್ತಿದ್ದ. ಅಮ್ಮನ ಕಡೆ ನೋಡಿದ. ಅಮ್ಮ ಕಣ್ಣು ಮುಚ್ಚಿದ್ದಳು. ನಾದಿನಿ ಗಾಲಿಕುರ್ಚಿಯ ಹಿಡಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ಅಣ್ಣನನ್ನೇ ನೋಡುತ್ತಿದ್ದಳು. ಅವನು ಹಾಳೆಯನ್ನು ಗೋಡೆಗೆ ಒತ್ತಿ, ಬೆನ್ನು ಈ ಕಡೆ ಮಾಡಿಕೊಂಡು, ಏನೋ ಒಂದು ಬರೆದ. ತುಂಬ ಹೊತ್ತು ಹಿಡಿಯಲಿಲ್ಲ. ಮಡಿಸಿ ಅವಳ ಕೈಗೆ ಕೊಟ್ಟ.

ಅವಳು ಮಡಿಕೆ ಬಿಡಿಸಿದಳು. ಕಣ್ಣಿಗೆ ಬಿದ್ದದ್ದನ್ನು ಓದದೆ ಇರುವುದು ಅವಳಿಗೆ ಯಾವತ್ತೂ ಆಗಿಲ್ಲ. ಗ್ರೀಸಿನ ಹೆಬ್ಬೆಟ್ಟಿನ ಕಲೆಯ ಪಕ್ಕದಲ್ಲಿ, ವಕ್ರ ಅಕ್ಷರದಲ್ಲಿ, ಒಂದೇ ಪದವಿತ್ತು: ಮರೆವು.

“ಎಲ್ಲಾ ತುಂಬಿದೀರಾ?” ಎಂದಳು ಕಿಟಕಿಯ ಒಳಗಿನಿಂದ ನರ್ಸು, ಕೈ ಚಾಚಿ. “ಯಾವ್ದೂ ಖಾಲಿ ಇಲ್ಲ ತಾನೆ?”

“ಇಲ್ಲ,” ಎಂದಳು ಸೊಸೆ.